ಪೀಕ್ ಬರಲಿಲ್ಲ ಅಂದರೆ ಪ್ರೋಟೀನ್ ಕೆಟ್ಟಿದೆ ಅಂತಲ್ಲ

ಪ್ರಶ್ನೆ: ನಾನು ಎಂ.ಎಸ್ಸಿ. ಮುಗಿಸಿ ಈಗಷ್ಟೇ ಸಂಶೋಧನೆಗೆ ಸೇರಿದ್ದೇನೆ. ಬಫರ್ ಎಂಬ ನೀರಿನ ದ್ರಾವಣದಲ್ಲಿ, ಎಲೆಕ್ಟ್ರಾನ್ ಸಾಗಿಸುವ ಪ್ರೋಟೀನಾದ ಸೈಟೋಕ್ರೋಮ್ ಸಿ ನನಗೆ ಚೆನ್ನಾಗಿ ಪೀಕ್ (ಕರೆಂಟ್‌ನ ಏರು) ಕೊಡುತ್ತದೆ. ಅದೇ ಪ್ರೋಟೀನನ್ನು ಪಾಲಿಎಥಿಲೀನ್ ಗ್ಲೈಕಾಲ್ 400ಕ್ಕೆ ಹಾಕಿ, ಲಿಥಿಯಂ ಪರ್‌ಕ್ಲೋರೇಟ್ ಬೆರೆಸಿ, ಸೆಕೆಂಡಿಗೆ 100 ಮಿಲಿವೋಲ್ಟ್ ವೇಗದಲ್ಲಿ ವೋಲ್ಟಾಮೆಟ್ರಿ (ವೋಲ್ಟೇಜ್ ಏರಿಳಿಸುತ್ತಾ ಕರೆಂಟ್ ಅಳೆಯುವುದು) ಮಾಡಿದರೆ ಏನೂ ಕಾಣುವುದಿಲ್ಲ. ಸೀಸೆಯ ತಳದಲ್ಲಿ ಸ್ವಲ್ಪ ಕೆಂಪು ಮಡ್ಡಿ ಕೂತಿತ್ತು. ಶೇಕಡ 20ರಷ್ಟು ನೀರು ಬೆರೆಸಿದಾಗ ಸಣ್ಣದೊಂದು ಪೀಕ್ ಬಂತು, ಆದರೆ ಅದರ ಜಾಗ ಸರಿದಿತ್ತು. ಪ್ರೋಟೀನ್ ಕೆಟ್ಟುಹೋಗಿದೆಯೇ? ಅಥವಾ ದ್ರವದ ರೋಧ ಜಾಸ್ತಿ ಆಯಿತೇ? ನೀರೇ ಇಲ್ಲದೆ ಒಂದು ಪ್ರೋಟೀನ್ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವುದು ನಿಜವಾಗಿಯೂ ಸಾಧ್ಯವೇ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರುಮಾಡುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಹೌದು. ಆ ಧೈರ್ಯ ಇದ್ದರೆ ಉಳಿದದ್ದನ್ನು ಸಮಾಧಾನದಿಂದ ಹುಡುಕಬಹುದು.

ಪ್ರೋಟೀನ್ ನೇರವಾಗಿ ಎಲೆಕ್ಟ್ರೋಡ್ ಜತೆ ಎಲೆಕ್ಟ್ರಾನ್ ಹಂಚಿಕೊಳ್ಳುತ್ತದೆ ಅನ್ನುವುದನ್ನೇ ಒಂದು ಕಾಲದಲ್ಲಿ ಜನ ಅಷ್ಟಾಗಿ ನಂಬುತ್ತಿರಲಿಲ್ಲ. 1977ರಲ್ಲಿ ಎರಡು ಗುಂಪುಗಳು ಬೇರೆ ಬೇರೆಯಾಗಿ ಅದನ್ನು ತೋರಿಸಿದವು. ಎಡೋಸ್ ಮತ್ತು ಹಿಲ್ ಚಿನ್ನದ ಎಲೆಕ್ಟ್ರೋಡ್ ಬಳಸಿ, ದ್ರಾವಣಕ್ಕೆ ಬೈಪಿರಿಡಿಲ್ ಎಂಬ ಸಣ್ಣ ಅಣುವನ್ನು ಸೇರಿಸಿದರು. ಯೇ ಮತ್ತು ಕುವಾನಾ ತವರ ಬೆರೆಸಿದ ಇಂಡಿಯಂ ಆಕ್ಸೈಡ್ ಬಳಸಿದರು. ಎರಡೂ ಕಡೆ ಪ್ರೋಟೀನ್ ನಿಮ್ಮದೇ, ಸೈಟೋಕ್ರೋಮ್ ಸಿ. ಇನ್ನೊಂದು ದಿಕ್ಕಿನಲ್ಲಿ, 1970ರ ದಶಕದಲ್ಲಿ ಪೀಟರ್ ರೈಟ್ ಮತ್ತು ಸಂಗಡಿಗರು ಪಾಲಿಎಥಿಲೀನ್ ಆಕ್ಸೈಡ್ (ನಿಮ್ಮ ಗ್ಲೈಕಾಲ್‌ನದೇ ಉದ್ದ ಸರಪಳಿಯ ರೂಪ) ಒಳಗೆ ಲವಣ ಕರಗಿಸಿದರೆ ಅಯಾನುಗಳು ಓಡಾಡುತ್ತವೆ ಎಂದು ತೋರಿಸಿದ್ದರು. ಈ ಎರಡು ದಾರಿಗಳನ್ನು ಕೂಡಿಸಿದವರಲ್ಲಿ ಜಪಾನಿನ ಹಿರೋಯುಕಿ ಓನೋ ಅವರ ಗುಂಪು ಮುಖ್ಯ. ಅವರು ಪ್ರೋಟೀನ್ ಮೈಮೇಲೆ ಇದೇ ಪಾಲಿಮರ್ ಎಳೆಗಳನ್ನು ಹೊಲಿದು, ಅದನ್ನು ಪಾಲಿಮರ್ ದ್ರವದಲ್ಲಿ ಕರಗಿಸಿ, ಹೀಮ್ (ಕಬ್ಬಿಣ ಹಿಡಿದಿರುವ ಬಣ್ಣದ ಭಾಗ) ಇರುವ ಪ್ರೋಟೀನ್‌ಗಳು ಅಲ್ಲಿಯೂ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುತ್ತವೆ ಎಂದು ತೋರಿಸಿದರು. 2010ರಲ್ಲಿ ಸ್ಟೀಫನ್ ಮ್ಯಾನ್ ಅವರ ಗುಂಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಯಾವ ದ್ರಾವಕವೂ ಇಲ್ಲದ, ತಾನೇ ದ್ರವವಾಗಿರುವ ಮಯೋಗ್ಲೋಬಿನ್ (ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಹೀಮ್ ಪ್ರೋಟೀನ್) ಮಾಡಿದರು. ಅದು ಆಮ್ಲಜನಕವನ್ನು ಹಿಡಿದು ಬಿಡುವ ಕೆಲಸವನ್ನು ಮರೆತಿರಲಿಲ್ಲ.

ಹಾಗಾದರೆ ನಿಮ್ಮ ಸೀಸೆಯಲ್ಲಿ ಏನಾಗಿದೆ?

ಮೊದಲು ಆ ಕೆಂಪು ಮಡ್ಡಿ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಬಾಳುವ ಮಾತು ಅದೇ. ಪಾಲಿಎಥಿಲೀನ್ ಗ್ಲೈಕಾಲ್ ಪ್ರೋಟೀನನ್ನು ಕರಗಿಸುವ ವಸ್ತು ಅಲ್ಲ, ನೀರಿನಿಂದ ಹೊರಗೆ ತಳ್ಳುವ ವಸ್ತು. ಪ್ರೋಟೀನ್ ಹರಳು ಕಟ್ಟುವವರು ಅದನ್ನು ಬಳಸುವುದೇ ಈ ಕಾರಣಕ್ಕೆ. ಹಾಗಾಗಿ ಸುಮ್ನೆ ಪುಡಿಯನ್ನು ಹಾಕಿ ಕಲಕಿದರೆ ಬಹುಪಾಲು ತಳಕ್ಕೆ ಕೂರುತ್ತದೆ. ನೀವು ಅಂದುಕೊಂಡ ಸಾಂದ್ರತೆ ದ್ರವದಲ್ಲಿ ಇಲ್ಲವೇ ಇಲ್ಲ. ನೀರು ಬೆರೆಸಿದಾಗ ಪೀಕ್ ಬಂದದ್ದಕ್ಕೂ ಇದು ಒಂದು ಕಾರಣ: ಒಂದಿಷ್ಟು ಕರಗಿತು, ದ್ರವವೂ ತೆಳುವಾಯಿತು.

ಇದಕ್ಕೆ ದಾರಿ, ಪ್ರೋಟೀನ್ ಮೈಗೆ ಪಾಲಿಮರ್ ಎಳೆಗಳನ್ನು ಕಟ್ಟುವುದು. ಕುದುರೆಯ ಸೈಟೋಕ್ರೋಮ್ ಸಿಯಲ್ಲಿ 104 ಅಮೈನೋ ಆಮ್ಲಗಳಿವೆ, ಅದರಲ್ಲಿ 19 ಲೈಸಿನ್. ಎಳೆಯ ತುದಿಯಲ್ಲಿ ಅಮೈನ್ ಜತೆ ಸೇರುವ ಗುಂಪು ಇದ್ದರೆ ಅದು ಈ ಲೈಸಿನ್‌ಗಳಿಗೆ ಅಂಟಿಕೊಳ್ಳುತ್ತದೆ. ಆದರೆ ಇಲ್ಲಿ ಒಂದು ಪೇಚು ಇದೆ. ಅದೇ ಲೈಸಿನ್‌ಗಳ ಧನ ಆವೇಶದಿಂದಲೇ ಸೈಟೋಕ್ರೋಮ್ ಸಿ ಎಲೆಕ್ಟ್ರೋಡ್ ಮುಂದೆ ಸರಿಯಾದ ಮುಖ ತೋರಿಸಿ ನಿಲ್ಲುವುದು. ಹೀಮ್‌ನ ಅಂಚು ಹೊರಗೆ ಇಣುಕುವುದು ಒಂದೇ ಕಡೆ, ಅದರ ಸುತ್ತ ಲೈಸಿನ್‌ಗಳ ಉಂಗುರ ಇದೆ. ಎಳೆ ಕಟ್ಟಿದಾಗ ಆ ಆವೇಶ ಹೋಗುತ್ತದೆ. ಅದರ ಮೇಲೆ, ಎಳೆಗಳ ಪೊದೆಯೇ ಪ್ರೋಟೀನ್ ಮತ್ತು ಎಲೆಕ್ಟ್ರೋಡ್ ನಡುವೆ ಬಂದು ನಿಲ್ಲುತ್ತದೆ. ಎಲೆಕ್ಟ್ರಾನ್ ಪ್ರೋಟೀನ್ ಒಳಗಿಂದ ನುಸುಳಿ ಬರಬೇಕಾದ ದೂರ ಸುಮಾರು 1.7 ಆಂಗ್‌ಸ್ಟ್ರಾಮ್ ಹೆಚ್ಚಾದರೆ ಸಾಕು, ವೇಗ ಹತ್ತು ಪಟ್ಟು ಇಳಿಯುತ್ತದೆ. ಹಾಗಾಗಿ ಕರಗುವಷ್ಟು ಎಳೆ ಬೇಕು, ಮುಚ್ಚಿಹೋಗುವಷ್ಟು ಬೇಡ. ಎಷ್ಟು ಎಳೆ ಅಂಟಿತು ಎಂದು ಅಳೆಯದೆ ಮುಂದೆ ಹೋಗಬೇಡಿ. ನಾನು ಮೊದಲು ಕಡಿಮೆ ಎಳೆಯಿಂದಲೇ ಶುರುಮಾಡುತ್ತೇನೆ.

ಈಗ ಇಡೀ ಪ್ರೋಟೀನ್ ಕರಗಿದೆ ಅಂತಲೇ ಇಟ್ಟುಕೊಳ್ಳಿ. ಆಗಲೂ ನಿಮಗೆ ಆ ವೇಗದಲ್ಲಿ ಪೀಕ್ ಕಾಣುತ್ತಿರಲಿಲ್ಲ. ಯಾಕೆ ಅಂತ ಒಂದು ಲೆಕ್ಕ ಹಾಕೋಣ. ಇದನ್ನು ಕಾಗದದ ಮೇಲೆ ನೀವೂ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ.

3 ಮಿಲಿಮೀಟರ್ ಅಗಲದ ದುಂಡು ಎಲೆಕ್ಟ್ರೋಡ್, 0.1 ಮಿಲಿಮೋಲಾರ್ ಪ್ರೋಟೀನ್, ಸೆಕೆಂಡಿಗೆ 100 ಮಿಲಿವೋಲ್ಟ್. ನೀರಿನಲ್ಲಿ ಸೈಟೋಕ್ರೋಮ್ ಸಿಯ ವಿಸರಣ ಗುಣಾಂಕ (ಅದು ದ್ರವದಲ್ಲಿ ಎಷ್ಟು ಬೇಗ ಹರಡುತ್ತದೆ ಅನ್ನುವ ಅಳತೆ) ಸುಮಾರು 10ರ ಮೈನಸ್ 6ನೇ ಘಾತ, ಚದರ ಸೆಂಟಿಮೀಟರ್ ಪ್ರತಿ ಸೆಕೆಂಡಿಗೆ. ಪೀಕ್ ಸುಮಾರು 0.6 ಮೈಕ್ರೋಆಂಪಿಯರ್ ಬರಬೇಕು. ಅದೇ ಹೊತ್ತಿಗೆ ಎಲೆಕ್ಟ್ರೋಡ್ ಮೇಲ್ಮೈ ಕೆಪಾಸಿಟರ್ ಥರ ತುಂಬಿಕೊಳ್ಳುವುದಕ್ಕೂ ಒಂದಷ್ಟು ಕರೆಂಟ್ ಹೋಗುತ್ತದೆ, ಸುಮಾರು 0.14 ಮೈಕ್ರೋಆಂಪಿಯರ್. ಪೀಕ್ ಅದರ ನಾಲ್ಕು ಪಟ್ಟಿಗಿಂತ ಜಾಸ್ತಿ ಇದೆ. ಎದ್ದು ಕಾಣುತ್ತದೆ.

ಈಗ ಗ್ಲೈಕಾಲ್ 400. ಅದು ನೀರಿಗಿಂತ ಸುಮಾರು 100 ಪಟ್ಟು ಮಂದ. ಪ್ರೋಟೀನ್ ಸಾಗುವ ವೇಗವೂ ಹೆಚ್ಚುಕಡಿಮೆ 100 ಪಟ್ಟು ಇಳಿಯುತ್ತದೆ. ಪೀಕ್ ಅದರ ವರ್ಗಮೂಲದಂತೆ ಇಳಿಯುವುದರಿಂದ ಹತ್ತನೇ ಒಂದು ಭಾಗ ಆಗುತ್ತದೆ, 0.06 ಮೈಕ್ರೋಆಂಪಿಯರ್. ಕೆಪಾಸಿಟರ್ ಕರೆಂಟ್ ಮಾತ್ರ ಅಷ್ಟೇ ಇದೆ ಅಂದುಕೊಳ್ಳಿ, 0.14. ಅಂದರೆ ಪೀಕ್ ಹಿನ್ನೆಲೆಯ ಅರ್ಧಕ್ಕಿಂತಲೂ ಕಡಿಮೆ. ಅದು ಇಲ್ಲದೆ ಹೋಗಿಲ್ಲ, ಮುಳುಗಿಹೋಗಿದೆ, ಅಷ್ಟೆ. ಅದರ ಜತೆಗೆ ಅರ್ಧದಷ್ಟು ಪ್ರೋಟೀನ್ ತಳದಲ್ಲಿ ಮಡ್ಡಿಯಾಗಿ ಕೂತಿದ್ದರೆ ಕೇಳುವುದೇ ಬೇಡ.

ಆದರೆ ಇದೇ ಲೆಕ್ಕ ದಾರಿಯನ್ನೂ ತೋರಿಸುತ್ತದೆ. ಕೆಪಾಸಿಟರ್ ಕರೆಂಟ್ ವೋಲ್ಟೇಜ್ ಬದಲಿಸುವ ವೇಗದ ನೇರ ಪ್ರಮಾಣದಲ್ಲಿ ಇಳಿಯುತ್ತದೆ, ಪೀಕ್ ವರ್ಗಮೂಲದಲ್ಲಿ ಮಾತ್ರ. ಸೆಕೆಂಡಿಗೆ 5 ಮಿಲಿವೋಲ್ಟ್‌ಗೆ ಇಳಿಸಿ. ಹಿನ್ನೆಲೆ ಸುಮಾರು 7 ನ್ಯಾನೋಆಂಪಿಯರ್ ಆಗುತ್ತದೆ, ಪೀಕ್ ಸುಮಾರು 13. ಈಗ ಪೀಕ್ ಹಿನ್ನೆಲೆಯ ಹೆಚ್ಚುಕಡಿಮೆ ಎರಡು ಪಟ್ಟು. ಕರೆಂಟ್ ತೀರಾ ಚಿಕ್ಕದು, ಹೊರಗಿನ ಗದ್ದಲ ಒಳಗೆ ಬಾರದಂತೆ ಲೋಹದ ಪೆಟ್ಟಿಗೆಯೊಳಗೆ ಸೆಲ್ ಇಡಬೇಕು. ಆದರೆ ಕಾಣುತ್ತದೆ.

ರೋಧದ ವಿಷಯ ಕೇಳಿದಿರಿ. ಪಾಲಿಮರ್ ಅಂದ ತಕ್ಷಣ ಎಲ್ಲರೂ ಮೊದಲು ಬೈಯುವುದು ರೋಧವನ್ನೇ. ನಿಮ್ಮ ವಿಷಯದಲ್ಲಿ ಅದು ನಿರಪರಾಧಿ ಎಂದು ನನ್ನ ಅಭಿಪ್ರಾಯ. ಲವಣ ಸೇರಿದ ಗ್ಲೈಕಾಲ್ 400ರ ವಾಹಕತೆ ಸೆಂಟಿಮೀಟರಿಗೆ 10ರ ಮೈನಸ್ 4ನೇ ಘಾತ ಸೀಮೆನ್ಸ್‌ನ ಆಸುಪಾಸು ಇದೆ ಎಂದು ಹಿಡಿದರೆ, ನಿಮ್ಮ ಎಲೆಕ್ಟ್ರೋಡ್ ಎದುರಿನ ರೋಧ ಸುಮಾರು 17 ಕಿಲೋಓಮ್. ದೊಡ್ಡದೇ. ಆದರೆ ಕರೆಂಟ್ 0.06 ಮೈಕ್ರೋಆಂಪಿಯರ್ ಮಾತ್ರ. ಗುಣಿಸಿದರೆ ನಷ್ಟ 1 ಮಿಲಿವೋಲ್ಟ್. ಅದಕ್ಕೆ ಪೀಕ್ ಮಾಯ ಆಗುವುದಿಲ್ಲ. ರೋಧ ನಿಜವಾಗಿ ಕಾಟ ಕೊಡುವುದು ಗಟ್ಟಿ ಪಾಲಿಮರ್‌ನಲ್ಲಿ. ಉದ್ದ ಸರಪಳಿಯ ಪಾಲಿಎಥಿಲೀನ್ ಆಕ್ಸೈಡ್ ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅದಕ್ಕಿಂತ ಕೆಳಗೆ ಬಹುಪಾಲು ಹರಳುಗಟ್ಟಿರುತ್ತದೆ. ಅಯಾನುಗಳು ಸಾಗುವುದು ಸರಪಳಿಯ ತುಣುಕುಗಳು ಅಲ್ಲಾಡಿದರೆ ಮಾತ್ರ. ತಣ್ಣಗಿನ ಗಟ್ಟಿ ಪದರದಲ್ಲಿ ವಾಹಕತೆ ಸಾವಿರ ಪಟ್ಟು ಇಳಿದರೆ ಅದೇ 1 ಮಿಲಿವೋಲ್ಟ್ ನಷ್ಟ 1 ವೋಲ್ಟ್ ಆಗುತ್ತದೆ. ಮುಂದೆ ಎಂದಾದರೂ ಗಟ್ಟಿ ಪದರಕ್ಕೆ ಹೋದರೆ ಕೆಲವು ಮೈಕ್ರೋಮೀಟರ್ ಅಗಲದ ಸೂಕ್ಷ್ಮ ಎಲೆಕ್ಟ್ರೋಡ್ ಬಳಸಿ.

ಈಗ ನನಗೆ ತುಂಬಾ ಇಷ್ಟವಾದ ಮಾತಿಗೆ ಬರುತ್ತೇನೆ. ಪ್ರೋಟೀನ್ ಕೆಟ್ಟಿದೆಯೇ ಅನ್ನುವುದನ್ನು ವೋಲ್ಟಾಮೆಟ್ರಿಯನ್ನು ಕೇಳಬೇಡಿ. ಬಣ್ಣವನ್ನು ಕೇಳಿ.

ಹೀಮ್ ಇರುವ ಪ್ರೋಟೀನ್‌ಗಳು ಇಲ್ಲಿ ನಮಗೆ ದೊಡ್ಡ ಉಪಕಾರ ಮಾಡುತ್ತವೆ. ಆಕ್ಸಿಡೀಕೃತ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ, ಸೈಟೋಕ್ರೋಮ್ ಸಿ 410 ನ್ಯಾನೋಮೀಟರ್ ಹತ್ತಿರ ಜೋರಾಗಿ ಬೆಳಕು ಹೀರುತ್ತದೆ. ಎಲೆಕ್ಟ್ರಾನ್ ಸಿಕ್ಕಾಗ ಆ ಪಟ್ಟಿ 415ರ ಕಡೆ ಸರಿಯುತ್ತದೆ, 550ರಲ್ಲಿ ಚೂಪಾದ ಪಟ್ಟಿಯೊಂದು ಏಳುತ್ತದೆ, 520ರಲ್ಲಿ ಅದರ ಜತೆಗಾರ. ಕಣ್ಣಿಗೆ ಕಾಣುವುದು ಇಷ್ಟು: ಕಂದುಗೆಂಪು ಇದ್ದದ್ದು ಗುಲಾಬಿ ಕೆಂಪಾಗುತ್ತದೆ. ಇದರ ಜತೆ ಇನ್ನೊಂದು ಪಟ್ಟಿ ಇದೆ, ತುಂಬಾ ಜನ ಅದನ್ನು ನೋಡುವುದೇ ಇಲ್ಲ. ಆಕ್ಸಿಡೀಕೃತ ರೂಪದಲ್ಲಿ 695 ನ್ಯಾನೋಮೀಟರ್ ಹತ್ತಿರ ಬಡಕಲಾದ ಒಂದು ಉಬ್ಬು. 80ನೇ ಮೆಥಿಯೋನಿನ್‌ನ ಗಂಧಕ ಹೀಮ್‌ನ ಕಬ್ಬಿಣವನ್ನು ಹಿಡಿದುಕೊಂಡಿದ್ದರೆ ಮಾತ್ರ ಅದು ಇರುತ್ತದೆ. ಆ ಹಿಡಿತ ಬಿಟ್ಟರೆ ಉಬ್ಬು ಹೋಗುತ್ತದೆ, ಪ್ರೋಟೀನ್‌ನ ಪೊಟೆನ್ಶಿಯಲ್ (ಅದು ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ ವೋಲ್ಟೇಜ್) ಕೂಡ ನೂರಾರು ಮಿಲಿವೋಲ್ಟ್ ಕೆಳಗೆ ಬೀಳುತ್ತದೆ. ಹಾಗಾಗಿ ಮೊದಲ ದಿನ ಎಲೆಕ್ಟ್ರೋಡ್ ಮುಟ್ಟಲೇಬೇಡಿ. ಸ್ವಲ್ಪ ಗಟ್ಟಿ ಸಾಂದ್ರತೆಯ ಪ್ರೋಟೀನ್ ತೆಗೆದುಕೊಂಡು ಪಾಲಿಮರ್‌ನಲ್ಲಿ 695ರ ಉಬ್ಬು ಇದೆಯೋ ಇಲ್ಲವೋ ನೋಡಿ. ಇದ್ದರೆ ಒಳಗಿನ ಮನೆ ಹಾಗೇ ಇದೆ.

ಆಮೇಲೆ ಎರಡನ್ನೂ ಕೂಡಿಸಿ. ಇಂಡಿಯಂ ತವರ ಆಕ್ಸೈಡ್ ಲೇಪಿಸಿದ ಗಾಜು ಪಾರದರ್ಶಕ, ಕರೆಂಟನ್ನೂ ಹರಿಸುತ್ತದೆ. ಅದನ್ನೇ ಎಲೆಕ್ಟ್ರೋಡ್ ಮಾಡಿ, ಅದರ ಮೂಲಕವೇ ಬೆಳಕು ಹಾಯಿಸಿ, ಪೊಟೆನ್ಶಿಯಲ್ ಬದಲಿಸುತ್ತಾ ಬಣ್ಣ ನೋಡಿ. ಕೆಪಾಸಿಟರ್ ಕರೆಂಟ್‌ಗೆ ಬಣ್ಣ ಇಲ್ಲ, ಅದು ಇಲ್ಲಿ ನಮ್ಮನ್ನು ಮೋಸಗೊಳಿಸಲಾರದು. ಒಂದೇ ಎಚ್ಚರಿಕೆ, ದ್ರವದ ಪದರ ತೆಳ್ಳಗಿರಲಿ. ಈ ಪಾಲಿಮರ್‌ನಲ್ಲಿ ಪ್ರೋಟೀನ್ 50 ಮೈಕ್ರೋಮೀಟರ್ ದೂರ ಸಾಗಿ ಎಲೆಕ್ಟ್ರೋಡ್ ತಲುಪಲು ಸುಮಾರು 20 ನಿಮಿಷ ಬೇಕು. ಅದೇ 1 ಮಿಲಿಮೀಟರ್ ಪದರ ಇಟ್ಟರೆ ಆರು ದಿನದ ಹತ್ತಿರ ಹೋಗುತ್ತದೆ! ಅರ್ಧ ಗಂಟೆ ಕಾದು, ಬಣ್ಣ ಬದಲಾಗಲಿಲ್ಲ, ಪ್ರೋಟೀನ್ ಕೆಲಸ ಮಾಡುತ್ತಿಲ್ಲ ಎಂದು ಸೀಸೆ ಚೆಲ್ಲಿದವರನ್ನು ನಾನು ನೋಡಿದ್ದೇನೆ. ಅವರ ಪ್ರೋಟೀನ್ ಇನ್ನೂ ದಾರಿಯಲ್ಲಿತ್ತು.

ಒಂದು ಅನುಭವ ಹೇಳಲೇಬೇಕು. ಸಂಶೋಧನೆಯ ಮೊದಲ ವರ್ಷಗಳಲ್ಲಿ ನಾನು ಮಯೋಗ್ಲೋಬಿನ್ ಮೇಲೆ ಕೆಲಸ ಮಾಡುತ್ತಿದ್ದೆ. ಗ್ರಾಫೈಟ್ ಎಲೆಕ್ಟ್ರೋಡ್, ಪಾಲಿಮರ್ ದ್ರವ. ಒಂದು ಸಂಜೆ ಎರಡೂ ಕಡೆ ಸಮವಾದ, ಅಚ್ಚುಕಟ್ಟಾದ ಪೀಕ್ ಬಂತು. ಮೂರು ವಾರ ಅದರದ್ದೇ ಗುಂಗು. ಆಮೇಲೆ ಒಂದು ದಿನ ಎಲೆಕ್ಟ್ರೋಡ್ ತೊಳೆದು, ಪ್ರೋಟೀನ್ ಇಲ್ಲದ ಬರೀ ಬಫರ್‌ಗೆ ಇಟ್ಟೆ. ಪೀಕ್ ಅಲ್ಲೇ ಇತ್ತು. ವೇಗ ಹೆಚ್ಚಿಸಿದಂತೆ ಪೀಕ್ ವರ್ಗಮೂಲದಲ್ಲಿ ಬೆಳೆಯಲಿಲ್ಲ, ನೇರ ಪ್ರಮಾಣದಲ್ಲಿ ಬೆಳೆಯಿತು. ಅಂದರೆ ಅದು ದ್ರವದಲ್ಲಿ ಈಜುವ ವಸ್ತುವಲ್ಲ, ಮೇಲ್ಮೈಗೆ ಅಂಟಿದ ವಸ್ತು. ಪ್ರೋಟೀನ್‌ನಿಂದ ಕಳಚಿಬಿದ್ದ ಹೀಮ್ ಗ್ರಾಫೈಟ್‌ಗೆ ಅಂಟಿಕೊಂಡು ಪೀಕ್ ಕೊಡುತ್ತಿತ್ತು. ಅಂದು ತುಂಬಾ ಬೇಸರವಾಯಿತು. ಆದರೆ ಅಂದಿನಿಂದ ಈ ಎರಡು ಪರೀಕ್ಷೆ ಮಾಡದೆ ಯಾವ ಪೀಕನ್ನೂ ನಾನು ನಂಬಿಲ್ಲ. ನಿಮಗೆ ಇದರಲ್ಲಿ ಒಂದು ಅನುಕೂಲ ಇದೆ: ಸೈಟೋಕ್ರೋಮ್ ಸಿಯಲ್ಲಿ ಹೀಮ್ ಎರಡು ಸಿಸ್ಟೀನ್‌ಗಳಿಗೆ ಗಟ್ಟಿ ಬಂಧದಿಂದ ಬೆಸೆದುಕೊಂಡಿದೆ, ಸುಲಭಕ್ಕೆ ಕಳಚುವುದಿಲ್ಲ. ಮಯೋಗ್ಲೋಬಿನ್‌ನಲ್ಲಿ ಆ ಬೆಸುಗೆ ಇಲ್ಲ. ಮೊದಲ ಪ್ರೋಟೀನಾಗಿ ನೀವು ಸರಿಯಾದದ್ದನ್ನೇ ಆರಿಸಿದ್ದೀರಿ.

ಇನ್ನೊಂದು ಶತ್ರು ಬಾಟಲಿಯೊಳಗೇ ಇರುತ್ತದೆ. ಪಾಲಿಎಥಿಲೀನ್ ಗ್ಲೈಕಾಲ್ ಗಾಳಿಗೆ ತೆರೆದಿಟ್ಟರೆ ನಿಧಾನಕ್ಕೆ ಪೆರಾಕ್ಸೈಡ್ ಕಟ್ಟಿಕೊಳ್ಳುತ್ತದೆ. ಪೆರಾಕ್ಸೈಡ್ ಹೀಮ್ ಅನ್ನು ತಿನ್ನುತ್ತದೆ. ನಿಮ್ಮ ದ್ರಾವಣದ 410ರ ಪಟ್ಟಿ ಗಂಟೆಗಟ್ಟಲೆ ಇಳಿಯುತ್ತಾ ಹೋದರೆ, ಬಣ್ಣ ಮಾಸುತ್ತಾ ಹೋದರೆ, ತಪ್ಪು ನೀರಿನ ಕೊರತೆಯದ್ದಲ್ಲ, ಹಳೆಯ ಬಾಟಲಿಯದ್ದು. ಪೆರಾಕ್ಸೈಡ್ ಪಟ್ಟಿ ಅದ್ದಿ ನೋಡಿ, ಹೊಸ ಬಾಟಲಿ ತೆಗೆಯಿರಿ, ತೆಗೆದ ಮೇಲೆ ನೈಟ್ರೋಜನ್ ತುಂಬಿ ಮುಚ್ಚಿ. ಕರಗಿದ ಆಮ್ಲಜನಕವನ್ನೂ ಓಡಿಸಬೇಕು. ಮಂದ ದ್ರವದಲ್ಲಿ ಗುಳ್ಳೆ ಹಾಯಿಸಿದರೆ ನೊರೆ ಬರುತ್ತದೆ, ಗಾಳಿ ಪೂರ್ತಿ ಹೋಗುವುದೂ ಇಲ್ಲ. ನಿರ್ವಾತದಲ್ಲಿ ಇಡುವುದೇ ಮೇಲು.

ಈಗ ನೀರಿನ ಮಾತು. ನೀರೇ ಇಲ್ಲದೆ ಅಂದಿರಿ. ನಿಮ್ಮ ಗ್ಲೈಕಾಲ್‌ನಲ್ಲಿ ನೀರು ಎಷ್ಟಿದೆ ಅಂತ ಅಳೆದಿದ್ದೀರಾ? ಅದು ಗಾಳಿಯ ತೇವವನ್ನು ತಾನಾಗಿ ಎಳೆದುಕೊಳ್ಳುವ ದ್ರವ. ಪ್ರೋಟೀನ್ ಪುಡಿಯೂ ಎಷ್ಟೇ ಒಣಗಿಸಿದರೂ ಮೈಗೆ ಅಂಟಿದ ಒಂದಿಷ್ಟು ನೀರು ಬಿಡುವುದಿಲ್ಲ. ಈ ಅಂಟಿದ ನೀರು ಸಣ್ಣ ವಿಷಯ ಅಲ್ಲ. ಲೈಸೋಜೈಮ್ ಎಂಬ ಕಿಣ್ವವನ್ನು ಚೂರು ಚೂರೇ ತೇವ ಕೊಡುತ್ತಾ ನೋಡಿದಾಗ, ಒಂದು ಗ್ರಾಂ ಪ್ರೋಟೀನ್‌ಗೆ ಸುಮಾರು 0.2 ಗ್ರಾಂ ನೀರು ಸೇರಿದಾಗಲೇ ಅದು ಕೆಲಸ ಶುರುಮಾಡಿತು. ಮೈ ಪೂರ್ತಿ ಮುಚ್ಚಲು 0.4 ಗ್ರಾಂ ಹತ್ತಿರ ಸಾಕು. ಹೀಮ್ ಒಂದು ಎಲೆಕ್ಟ್ರಾನ್ ಪಡೆಯುವುದು ಕಿಣ್ವದ ಕೆಲಸದಷ್ಟು ಮೈಕುಲುಕಾಟ ಕೇಳುವುದಿಲ್ಲ ನಿಜ. ಆದರೂ ಸುತ್ತಲಿನ ಅಣುಗಳು ಹೊಸ ಆವೇಶಕ್ಕೆ ತಕ್ಕಂತೆ ತಿರುಗಿ ಕೂರಬೇಕು. ರುಡಾಲ್ಫ್ ಮಾರ್ಕಸ್ 1956ರಿಂದ ಕಟ್ಟಿದ ಸಿದ್ಧಾಂತದ ತಿರುಳು ಅದೇ, 1992ರಲ್ಲಿ ಅವರಿಗೆ ನೊಬೆಲ್ ಬಂದದ್ದೂ ಅದಕ್ಕೇ. ನೀರು ಕ್ಷಣದಲ್ಲಿ ತಿರುಗುತ್ತದೆ. ಪಾಲಿಮರ್ ನಿಧಾನ. ಪ್ರೋಟೀನ್ ಎಲೆಕ್ಟ್ರೋಡ್‌ಗೆ ತೀರಾ ಹತ್ತಿರ ಇದ್ದಾಗ ಎಲೆಕ್ಟ್ರಾನ್‌ನ ವೇಗವನ್ನು ದೂರ ಅಲ್ಲ, ಈ ತಿರುಗುವಿಕೆಯೇ ನಿರ್ಧರಿಸುತ್ತದೆ. ಅದಕ್ಕೇ ಮಂದ ದ್ರವದಲ್ಲಿ ಎಲೆಕ್ಟ್ರಾನ್ ಪಡೆಯುವ, ಕೊಡುವ ಎರಡು ಪೀಕ್‌ಗಳ ನಡುವಿನ ಅಂತರ ಆದರ್ಶದ 59 ಮಿಲಿವೋಲ್ಟ್‌ಗಿಂತ ಅಗಲವಾಗಿ ಬಂದರೆ ಗಾಬರಿ ಬೇಡ. ಆದರೆ ಕಾರ್ಲ್ ಫಿಷರ್ ಟೈಟ್ರೇಶನ್ (ನೀರಿನ ಅಂಶ ಅಳೆಯುವ ಪರೀಕ್ಷೆ) ಮಾಡಿ ನೀರಿನ ಪ್ರಮಾಣವನ್ನು ಪ್ರತಿ ಮಾದರಿಗೂ ಬರೆದಿಡಿ. ಅದು ಇಲ್ಲದೆ ನೀರಿಲ್ಲದ ದ್ರಾವಣ ಎಂದು ಬರೆಯುವುದು ಸರಿಯಲ್ಲ.

ಕೊನೆಯದು, ನಿಮ್ಮ ಪೀಕ್‌ನ ಜಾಗ ಸರಿದದ್ದು. ನೀರಿನಲ್ಲಿ ಸೈಟೋಕ್ರೋಮ್ ಸಿಯ ಪೊಟೆನ್ಶಿಯಲ್, ಹೈಡ್ರೋಜನ್ ಎಲೆಕ್ಟ್ರೋಡ್‌ಗೆ ಹೋಲಿಸಿದರೆ, ಸುಮಾರು 0.26 ವೋಲ್ಟ್. ಗ್ಲೈಕಾಲ್ ಆವೇಶಗಳನ್ನು ನೀರಿನಷ್ಟು ಚೆನ್ನಾಗಿ ಸಾಕುವುದಿಲ್ಲ. ಆಕ್ಸಿಡೀಕೃತ ಹೀಮ್‌ನಲ್ಲಿ ಒಂದು ಧನ ಆವೇಶ ಉಳಿದಿರುತ್ತದೆ, ಎಲೆಕ್ಟ್ರಾನ್ ಸಿಕ್ಕರೆ ಅದು ಹೋಗುತ್ತದೆ. ಹಾಗಾಗಿ ಪಾಲಿಮರ್‌ನಲ್ಲಿ ಎಲೆಕ್ಟ್ರಾನ್ ಸಿಕ್ಕ ರೂಪಕ್ಕೆ ಸುಖ ಜಾಸ್ತಿ, ಪೊಟೆನ್ಶಿಯಲ್ ಧನ ದಿಕ್ಕಿಗೆ ಸರಿಯಬೇಕು. ಲವಣದ ಋಣ ಅಯಾನು ಪ್ರೋಟೀನ್‌ಗೆ ಅಂಟಿಕೊಂಡರೆ ಅದು ಉಲ್ಟಾ ಎಳೆಯುತ್ತದೆ. ಮೆಥಿಯೋನಿನ್ ಹಿಡಿತ ಬಿಟ್ಟಿದ್ದರೆ ಆಗಲೇ ಹೇಳಿದಂತೆ ದೊಡ್ಡ ಕುಸಿತ.

ಆದರೆ ಇದನ್ನೆಲ್ಲ ಯೋಚಿಸುವ ಮೊದಲು ನಿಮ್ಮ ರೆಫರೆನ್ಸ್ ಎಲೆಕ್ಟ್ರೋಡ್ (ವೋಲ್ಟೇಜನ್ನು ಹೋಲಿಸಿ ಅಳೆಯುವ ಎಲೆಕ್ಟ್ರೋಡ್) ನೋಡಿ. ನೀರಿನ ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡನ್ನೇ ಪಾಲಿಮರ್‌ಗೆ ಅದ್ದಿದ್ದರೆ, ಎರಡು ದ್ರವ ಸೇರುವ ಜಾಗದಲ್ಲೇ ಹತ್ತಾರು ಮಿಲಿವೋಲ್ಟ್ ಹುಟ್ಟಬಹುದು, ನೀರೂ ಒಳಗೆ ಜಿನುಗುತ್ತದೆ. ಬೆಳ್ಳಿ ತಂತಿ ಬಳಸಿ, ಪ್ರತಿ ಸಲವೂ ಫೆರೊಸೀನ್ (ಹೋಲಿಕೆಗೆ ಬಳಸುವ ಕಬ್ಬಿಣದ ಸಂಯುಕ್ತ) ಹಾಕಿ ಅದರ ಪೀಕ್‌ಗೆ ಹೋಲಿಸಿ ಓದಿ. ಫೆರೊಸೀನ್ ಹಾಕುವುದು ಪ್ರೋಟೀನ್ ಅಳತೆ ಎಲ್ಲ ಮುಗಿದ ಮೇಲೆ. ಮೊದಲೇ ಹಾಕಿದರೆ ಅದು ಎಲೆಕ್ಟ್ರೋಡ್ ಮತ್ತು ಪ್ರೋಟೀನ್ ನಡುವೆ ತಾನೇ ಓಡಾಡಿ ಎಲೆಕ್ಟ್ರಾನ್ ಸಾಗಿಸುತ್ತದೆ. ಆಗ ಬಂದ ಪೀಕ್ ಯಾರದ್ದು ಅಂತ ನಿಮಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ.